ಒಟಾನಿನಾ, ಬೇಬ್ ರೂತಾ?

ಅಮೆರಿಕಕ್ಕೆ ಬಂದ ಮೇಲೆ ಬೇಸ್‌ಬಾಲ್ ಹುಚ್ಚು ಹತ್ತಿದೆ. ಮೊನ್ನೆ ಊಟದ ಹೊತ್ತಲ್ಲಿ ಸಹೋದ್ಯೋಗಿ ಜೊತೆ ಜೋರು ವಾದ: ಜಪಾನಿನ ಶೋಹೇ ಒಟಾನಿಯನ್ನು ಬೇಬ್ ರೂತ್ ಪಕ್ಕ ನಿಲ್ಲಿಸಬಹುದಾ ಅಂತ.

"714 ಹೋಮ್ ರನ್ ಹೊಡೀಲಿ, ಆಮೇಲೆ ಮಾತಾಡೋಣ" ಅಂದ.

ನಾನು ಬಿಡಲಿಲ್ಲ. ರೂತ್ ಪಿಚಿಂಗು, ಬ್ಯಾಟಿಂಗು ಎರಡನ್ನೂ ಜೊತೆಗೆ ನಿಭಾಯಿಸಿದ್ದು ಮುಖ್ಯವಾಗಿ 1918, 1919ರಲ್ಲಿ. ಯಾಂಕೀಸ್ ಸೇರಿದ ಮೇಲೆ ಪಿಚಿಂಗ್ ಹೆಚ್ಚುಕಡಿಮೆ ಬಿಟ್ಟೇಬಿಟ್ಟ. ಮೇಲಾಗಿ ಅವನ ಕಾಲದ ಮೇಜರ್ ಲೀಗಲ್ಲಿ ಕಪ್ಪು ಆಟಗಾರರಿಗೆ ಜಾಗವೇ ಇರಲಿಲ್ಲ. ಜಾಕಿ ರಾಬಿನ್ಸನ್ ಬಂದದ್ದು 1947ರಲ್ಲಿ. ಒಟಾನಿಯೋ, 2025ರ ಅಕ್ಟೋಬರಲ್ಲಿ ಒಂದೇ ಪಂದ್ಯದಲ್ಲಿ ಒಂದೂ ರನ್ ಕೊಡದೆ 10 ಸ್ಟ್ರೈಕ್‌ಔಟ್ ಮಾಡಿ, ಮೂರು ಹೋಮ್ ರನ್ನೂ ಹೊಡೆದ!

"ಎರಡು ಸಲ ಆಪರೇಷನ್ ಆದ ಮೊಣಕೈ ಇನ್ನೆಷ್ಟು ವರ್ಷ ತಡೆಯುತ್ತೆ?" ಅಂದ. ಅದಕ್ಕೆ ಮಾತ್ರ ನನ್ನ ಬಾಯಿ ಕಟ್ಟಿತು.

ಆದರೂ ನನ್ನ ಓಟು ಒಟಾನಿಗೇ. ರೂತ್ ಆಟವನ್ನು ನಾವಿಬ್ಬರೂ ಓದಿದ್ದಷ್ಟೇ. ಇವನದ್ದನ್ನು ಕಣ್ಣಾರೆ ನೋಡ್ತಿದ್ದೀವಿ. ನೀವೇನಂತೀರಿ?