ನೀರು ನಿಂತ ಕಾಲದ ಪಯಣ

ಮಳೆಗಾಲದಲ್ಲಿ ನಮ್ಮ ಬೋರಗಾಂವದ ಮನುಷ್ಯನಿಗೆ ಪ್ರಯಾಣವೆಂಬುದು ಒಂದು ಅನುಮಾನದ ವಿಷಯ. ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿದ ಮಳೆಯು ದೂಧಗಂಗಾ, ವೇದಗಂಗಾಗಳ ದಾರಿಯಾಗಿ ಇಳಿದು ಬಂದು, ಸದಲಗೆಯ ಕಡೆಯ ಸೇತುವೆಯನ್ನೋ ಕುನ್ನೂರಿನ ಕಡೆಯದನ್ನೋ ಯಾವ ಇರುಳಿನಲ್ಲಿ ನುಂಗಿಬಿಡುವುದೋ ಹೇಳಬರುವಂತಿಲ್ಲ. 2005ರಲ್ಲಿಯೂ, 2019ರ ಆಗಸ್ಟ್‌ನಲ್ಲಿಯೂ, 2021ರ ಜುಲೈಯಲ್ಲಿಯೂ ನದಿಗಳು ತಮ್ಮ ಪಾತ್ರವನ್ನು ಮರೆತು ಊರುಗಳೊಳಗೆ ನಡೆದು ಬಂದುದನ್ನು ಕಂಡವರು, ಆಷಾಢ ಶ್ರಾವಣಗಳಲ್ಲಿ ನೆಂಟರ ಮನೆಗೆ ಹೋಗುವುದಕ್ಕೂ ಮೊದಲು ನೀರಿನ ಸುದ್ದಿ ಕೇಳಿಕೊಳ್ಳುತ್ತಾರೆ. ಆದರೆ ನವರಾತ್ರಿ ಕಳೆದು, ಬನ್ನಿ ಮುಡಿದು, ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ, ಎರೆಯ ಕೆಸರು ಚಕ್ರಕ್ಕೆ ಅಂಟದಷ್ಟು ಗಟ್ಟಿಯಾಯಿತೆಂದರೆ, ಅಷ್ಟು ದಿನ ಮಡಿಸಿ ಕುಳಿತ ಕಾಲನ್ನು ಇಡೀ ಸೀಮೆಯೇ ಒಮ್ಮೆಗೆ ನೀಡುತ್ತದೆ. ನದಿಗಳು ದಾಟಲು ತಕ್ಕವಾಗಿ, ಹಾದಿಗಳ ಕೆಸರು ಆರಿ, ಶರದೃತುವೇ ರಘುವನ್ನು ದಿಗ್ವಿಜಯಕ್ಕೆ ಪ್ರೇರಿಸಿತೆಂದು ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ ವರ್ಣಿಸಿರುವನಷ್ಟೆ. ನಮ್ಮಲ್ಲಿ ದಿಗ್ವಿಜಯದ ಆಸೆ ಯಾರಿಗೂ ಇಲ್ಲವಾದರೂ, ಹೊರಡುವ ಗಡಿಬಿಡಿ ಮಾತ್ರ ರಘುವಿನ ಸೇನೆಗಿಂತ ಕಡಿಮೆಯದಲ್ಲ. ಚಾತುರ್ಮಾಸ್ಯ ಮುಗಿಸಿದ ಜೈನ ಮುನಿಗಳು ವಿಹಾರಕ್ಕೆ ಹೊರಡುತ್ತಾರೆ, ಕುರುಬರ ಹಿಂಡುಗಳು ಕೊಯ್ದ ಹೊಲಗಳನ್ನು ಅರಸುತ್ತ ಬರುತ್ತವೆ, ಕಬ್ಬು ಕಡಿಯುವವರ ಗಾಡಿಗಳು ದೂರದ ಜಿಲ್ಲೆಗಳಿಂದ ಸಾಲುಗಟ್ಟುತ್ತವೆ. ಆ ಸಾಲಿನಲ್ಲಿ ಈ ಸಲ ನಾವೂ ಸೇರಿಕೊಂಡೆವು.

ಹೊರಡಿಸಿದವನು ಪುಣೆಯಲ್ಲಿ ನೌಕರಿಯಲ್ಲಿರುವ ನನ್ನ ತಮ್ಮನ ಮಗ. ಅವನೊಂದು ಹಳೆಯ ಮಿನಿ ಬಸ್ಸನ್ನು ಕೊಂಡು, ಸೀಟುಗಳನ್ನು ಕೀಳಿಸಿ, ಎರಡು ಮಂಚ, ಒಂದು ಗ್ಯಾಸಿನ ಒಲೆ, ತಲೆಯ ಮೇಲೊಂದು ನೀರಿನ ಟಾಕಿ, ಕಿಟಕಿಗೆ ಸೊಳ್ಳೆಯ ಜಾಳಿಗೆ ಕೂಡಿಸಿ, ಅದನ್ನು ಮನೆಯೆಂದು ಕರೆಯುತ್ತಿದ್ದನು. ಅಮೆರಿಕ, ಕೆನಡಾಗಳಲ್ಲಿ ಶರತ್ಕಾಲ ಬಂದೊಡನೆ ಜನರು ಇಂಥ ಮನೆಗಾಡಿಗಳಲ್ಲಿ ಸರೋವರಗಳ ದಂಡೆಗೆ ಹೋಗಿ, ಕೆಂಪೇರಿದ ಎಲೆಗಳನ್ನು ನೋಡುತ್ತ ಊರೂರು ಅಲೆಯುವರೆಂದು ಬಣ್ಣಿಸಿ, "ಕಾಕಾ, ನಾವೂ ಹಂಗ ಒಂದ ಸುತ್ತ ಹಾಕೋಣು ನಡ್ರಿ" ಎಂದನು. ನಮ್ಮಲ್ಲಿ ಎಲೆ ಕೆಂಪಾಗುವುದಿಲ್ಲ. ಕಬ್ಬು ಸೂಲಂಗಿ ಬಿಟ್ಟು ಬೆಳ್ಳಗಾಗುತ್ತದೆ. ಇನ್ನು ಮನೆಯನ್ನೇ ಗಾಲಿಯ ಮೇಲಿಟ್ಟು ನಡೆಯುವುದನ್ನು ನಮ್ಮವರಿಗೆ ಅಮೆರಿಕದವರು ಕಲಿಸಬೇಕಾದುದಿಲ್ಲ. ಚಿಂಚಲಿಯ ಮಾಯಕ್ಕನ ಜಾತ್ರೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಕಮಾನು ಕಟ್ಟಿದ ಗಾಡಿಯಲ್ಲಿ ಹಾಸಿಗೆ, ಒಲೆ, ಹಿಟ್ಟಿನ ಚೀಲ, ಎತ್ತಿನ ಮೇವು, ಮಲಗಿದ ಮಕ್ಕಳು ಇವೆಲ್ಲವನ್ನೂ ಹೇರಿಕೊಂಡು ಹೋಗಿ, ದಾರಿಯ ಮರದಡಿಯಲ್ಲಿ ರೊಟ್ಟಿ ಬಡಿದುಕೊಂಡು ಉಂಡ ತಲೆಮಾರಿನವರು ಇನ್ನೂ ನಮ್ಮ ನಡುವೆ ಇರುವರು. ಇದನ್ನು ಹೇಳಿದೆ. "ಹಂಗಾದ್ರ ನಿಮಗ ರೂಢಿ ಐತಿ, ಛಲೋನ ಆತು" ಎಂದು ಅವನು ಚಾಲೂ ಮಾಡಿದನು.

ಸರೋವರಗಳನ್ನು ಹುಡುಕಿ ದೂರ ಹೋಗುವ ಅಗತ್ಯ ಬೀಳಲಿಲ್ಲ. ದೂಧಗಂಗೆಯ ದಂಡೆಗೆ ಬಂದಾಗ ಬಂಧಾರಕ್ಕೆ ಫಳಿ ಹಾಕುವ ಕೆಲಸ ನಡೆದಿತ್ತು. ಕೊಲ್ಹಾಪುರ ಮಾದರಿಯೆಂದು ಹೆಸರಾದ ಈ ಬಂಧಾರಗಳು ನಮ್ಮ ಸೀಮೆಯ ನದಿಗಳ ಮೇಲೆಲ್ಲ ಅಲ್ಲಲ್ಲಿ ಇವೆ; ಅಣೆಕಟ್ಟಿನ ಠೀವಿ ಇವುಗಳಿಗಿಲ್ಲ, ಆದರೆ ಯುಕ್ತಿ ಇದೆ. ನದಿಯ ಅಡ್ಡಕ್ಕೆ ಸಾಲಾಗಿ ನಿಂತ ಕಲ್ಲಿನ ಕಂಬಗಳು, ಕಂಬಗಳ ಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕೊರೆದ ತೋಡುಗಳು. ಮಳೆಗಾಲದಲ್ಲಿ ಎಲ್ಲವನ್ನೂ ತೆರೆದಿಟ್ಟು ಮಹಾಪೂರವನ್ನು ಅದರ ಪಾಡಿಗೆ ಹೋಗಗೊಡುವುದು, ಪೂರ ಇಳಿದ ಮೇಲೆ ಆ ತೋಡುಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರನ್ನು ನಿಲ್ಲಿಸಿಕೊಳ್ಳುವುದು, ಮುಂದಿನ ಮುಂಗಾರಿಗೆ ಮೊದಲು ಮತ್ತೆ ಕಿತ್ತಿಡುವುದು. ಹಿಂದೆ ಕಟ್ಟಿಗೆಯ ಹಲಗೆಗಳನ್ನು ಎರಡು ಸಾಲಾಗಿ ಇಳಿಸಿ, ನಡುವಿನ ಸಂದಿಯಲ್ಲಿ ಜಿಗುಟು ಮಣ್ಣು ತುಂಬಿ ತುಳಿಯುತ್ತಿದ್ದರು; ಈಗ ಹೆಚ್ಚಿನ ಕಡೆ ಕಬ್ಬಿಣದ ಫಳಿಗಳು ಬಂದಿವೆ. ನಾವು ನೋಡುತ್ತಿದ್ದಂತೆ ನಾಲ್ವರು ಹಗ್ಗ ಹಿಡಿದು ಒಂದು ಫಳಿಯನ್ನು ಇಳಿಬಿಟ್ಟರು. ಅದು ಅರ್ಧಕ್ಕೆ ಸಿಕ್ಕಿ ಓರೆಯಾಯಿತು. ಐದನೆಯವನು ಕಂಬದ ಮೇಲೆ ಬಗ್ಗಿ ಹಾರೆಯಿಂದ ಒಂದು ಪೆಟ್ಟು ಕೊಟ್ಟನು. ಅದು ಕಿರುಗುಟ್ಟುತ್ತ ತನ್ನ ಜಾಗಕ್ಕೆ ಹೋಗಿ ಕುಳಿತಿತು, ಸಂದಿಯಿಂದ ಚಿಮ್ಮಿದ ನೀರು ಅವನ ಮುಖವನ್ನೆಲ್ಲ ತೋಯಿಸಿತು. ಅವನು ಒರೆಸಿಕೊಳ್ಳಲೂ ಇಲ್ಲ. "ನಾಕ ದಿನ ತಡೀರಿ, ಕಣ್ಣ ಹಾಯೂಮಟಾ ಕೆರಿ ಆಕ್ಕೈತಿ" ಎಂದನು.

ಅವನ ಮಾತಿನಲ್ಲಿ ಅತಿಶಯವಿರಲಿಲ್ಲ. ಮೂಲದಲ್ಲಿ ಕಾಳಮ್ಮವಾಡಿಯ ಅಣೆಕಟ್ಟು, ಕೆಳಗೆ ಈ ಬಂಧಾರಗಳು, ಇವುಗಳ ದೆಸೆಯಿಂದ ಶರತ್ಕಾಲದ ದೂಧಗಂಗೆಯು ಹರಿಯುವುದನ್ನು ಬಿಟ್ಟು ನಿಲ್ಲುತ್ತಾಳೆ. ಒಂದು ಬಂಧಾರದಿಂದ ಇನ್ನೊಂದರವರೆಗೆ ಉದ್ದನೆಯ, ಅಲುಗದ, ತಿಳಿಯಾದ ಒಂದೊಂದು ಸರೋವರ. ಎರಡೂ ದಂಡೆಯ ಕಬ್ಬು ಅದರಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಅಲ್ಲಲ್ಲಿ ನೀರೆತ್ತುವ ಪಂಪುಗಳ ಪೈಪುಗಳು ಮುಳುಗಿರುವುದನ್ನು ಕಂಡಾಗ ಮಾತ್ರ, ಈ ಸೌಂದರ್ಯಕ್ಕೆ ಲೆಕ್ಕ ಬರೆಯುವ ಯಜಮಾನರು ಇದ್ದಾರೆಂಬುದು ನೆನಪಾಗುತ್ತದೆ.

ಸದಲಗೆಯಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದೆವು. 1946ರ ಅಕ್ಟೋಬರ್ 10ರಂದು, ಶರತ್ಪೂರ್ಣಿಮೆಯ ದಿನವೇ, ಈ ಊರಿನ ಕನ್ನಡ ಮನೆಯೊಂದರಲ್ಲಿ ಹುಟ್ಟಿದ ಬಾಲಕನು 1968ರಲ್ಲಿ ಅಜ್ಮೇರಿನಲ್ಲಿ ದಿಗಂಬರ ದೀಕ್ಷೆ ಪಡೆದು ಆಚಾರ್ಯ ವಿದ್ಯಾಸಾಗರರೆಂದು ದೇಶವೆಲ್ಲ ಅರಿಯುವಂತಾದನು. ಹಿಂದಿಯಲ್ಲಿ 'ಮೂಕಮಾಟಿ' ಎಂಬ ಮಹಾಕಾವ್ಯವನ್ನು ಬರೆದು, ಕಾಲಿಗೆ ಚಪ್ಪಲಿಯಿಲ್ಲದೆ, ಯಾವ ವಾಹನವನ್ನೂ ಏರದೆ ದೇಶವನ್ನು ನಡೆದು, 2024ರ ಫೆಬ್ರವರಿಯಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ದೇಹವನ್ನು ಬಿಟ್ಟರು. ಇಲ್ಲಿಗೆ ಸಮೀಪದಲ್ಲಿಯೇ, ವೇದಗಂಗೆಯು ದೂಧಗಂಗೆಯನ್ನು ಕೂಡುವಲ್ಲಿರುವ ಭೋಜ ಗ್ರಾಮವು, 1872ರಲ್ಲಿ ಜನಿಸಿ 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ಮುಗಿದ ಆಚಾರ್ಯ ಶಾಂತಿಸಾಗರರ ಊರು. ಮುಂದೆ ದಾರಿಯಲ್ಲಿ ಸಿಕ್ಕುವ ಶೇಡಬಾಳದಲ್ಲಿ 1925ರಲ್ಲಿ ಆಚಾರ್ಯ ವಿದ್ಯಾನಂದರು ಹುಟ್ಟಿದರು. ಒಂದು ದಿನದ ಎತ್ತಿನ ಗಾಡಿಯ ಹಾದಿಯಷ್ಟು ನೆಲದಲ್ಲಿ ಇಷ್ಟು ಮಂದಿ ಮನೆ ಬಿಟ್ಟು ನಡೆದವರು! ಟಾಕಿಯ ನೀರು ಸಾಲದೆಂದು ನಮ್ಮ ಹುಡುಗನು ಅಲ್ಲಿ ಮತ್ತೆರಡು ಕ್ಯಾನು ಕೊಂಡನು. ಒಂದು ಕಮಂಡಲು, ಒಂದು ನವಿಲುಗರಿಯ ಪಿಂಛಿ ಇಷ್ಟರಲ್ಲಿ ಸಂಸಾರವನ್ನೆಲ್ಲ ಮುಗಿಸಿದವರ ಊರಿನಲ್ಲಿ ಆ ಕ್ಯಾನುಗಳನ್ನು ಹೊತ್ತು ತರುವಾಗ ನನಗೆ ಸ್ವಲ್ಪ ನಾಚಿಕೆಯೆನಿಸದೆ ಇರಲಿಲ್ಲ.

ಯಕ್ಸಂಬೆಯನ್ನು ಹಾದು, ಸಂಜೆಗೆ ಯಡೂರಿನ ಕೃಷ್ಣಾತೀರದಲ್ಲಿ ಬೀಡುಬಿಟ್ಟೆವು. ಯಡೂರಿನ ವೀರಭದ್ರನು ಸುತ್ತಣ ನಾಡಿಗೆಲ್ಲ ಪ್ರಸಿದ್ಧನು. ಕನ್ನಡಿಗರೆಷ್ಟೋ ಮರಾಠಿಗರೂ ಅಷ್ಟೇ ಇಲ್ಲಿಗೆ ನಡೆದುಕೊಳ್ಳುತ್ತಾರೆ. ಹೂವು ಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ನಮ್ಮ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗೆ ಇಣುಕಿ ಒಲೆಯನ್ನೂ ಮಂಚವನ್ನೂ ನೋಡಿ, "ಮನೀನ ತಗೊಂಡ ಬಂದೀರಿ ಅಣ್ಣಾ! ಕೀಲಿ ಹಾಕಿ ಬರೂ ತ್ರಾಸ ತಪ್ಪಿತ ಬಿಡ್ರಿ" ಎಂದಳು. ಈ ವಾಹನದ ಬಗೆಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಸಂಕ್ಷಿಪ್ತವಾದುದಿಲ್ಲ. ರಾತ್ರಿ ಝುಣಕ, ರೊಟ್ಟಿ, ಶೇಂಗಾದ ಹಿಂಡಿ; ರೊಟ್ಟಿ ಮನೆಯಿಂದ ಕಟ್ಟಿಕೊಟ್ಟುದು, ಝುಣಕ ಮಾತ್ರ ಮನೆಗಾಡಿಯ ಒಲೆಯದು.

ಯಡೂರಿನ ಕಥೆಯು ಅರ್ಧದ ಕಥೆ. ಉಳಿದರ್ಧವು ಕೃಷ್ಣೆಯ ಆಚೆ ಖಿದ್ರಾಪುರದಲ್ಲಿದೆ. ಕರೆಯದಿದ್ದರೂ ದಕ್ಷನ ಯಜ್ಞಕ್ಕೆ ಹೊರಟ ಸತಿಯು ನಂದಿಯನ್ನೇರಿ ಹೋದಳು. ಅಲ್ಲಿ ಅವಳು ಅಗ್ನಿಗೆ ಬಿದ್ದ ಸುದ್ದಿಯಿಂದ ಉರಿದೆದ್ದ ಶಿವನು ಕೋಪೇಶ್ವರನಾಗಿ ಖಿದ್ರಾಪುರದಲ್ಲಿ ನಿಂತನು. ಆದುದರಿಂದಲೇ ಅಲ್ಲಿಯ ಗುಡಿಯಲ್ಲಿ ಶಿವನೆದುರು ನಂದಿಯಿಲ್ಲ, ಅವನಿರುವುದು ಯಡೂರಿನಲ್ಲಿ ಎಂದು ಎರಡೂ ದಡದವರು ಹೇಳುತ್ತಾರೆ. ಶಿವನ ಕೋಪದಿಂದ ಹುಟ್ಟಿ ಯಜ್ಞವನ್ನು ಕೆಡಿಸಿದ ವೀರಭದ್ರನು ಈಚೆ, ಆ ಕೋಪವೇ ಹೆಸರಾದ ಲಿಂಗವು ಆಚೆ! 1956ರ ರಾಜ್ಯಪುನರ್ವಿಂಗಡಣೆಯಲ್ಲಿ ಊರುಗಳನ್ನು ಹಂಚಿಕೊಂಡವರು ಈ ಪುರಾಣವನ್ನು ಕೇಳಿದ್ದರೋ ಇಲ್ಲವೋ. ಅಂತೂ ಶಿವನು ಒಂದು ರಾಜ್ಯದ ಪಾಲಿಗೆ, ಅವನ ವಾಹನವು ಇನ್ನೊಂದರ ಪಾಲಿಗೆ ಬಂದವು.

ಮಾಂಜರಿಯ ದಾರಿಯಾಗಿ ಕಾಗವಾಡದ ಸೀಮೆಯನ್ನು ಹೊಕ್ಕು, ಜುಗೂಳದ ದಂಡೆಯಲ್ಲಿ ಗಾಡಿಯನ್ನು ಬಿಟ್ಟು ದೋಣಿಯೇರಿದೆವು. ಇಲ್ಲಿಯೂ ನೀರು ನಿಂತಿತ್ತು. ಅಂಬಿಗನು ಜುಗೂಳದಲ್ಲಿ ಕನ್ನಡದಲ್ಲಿ ತೊಡಗಿದ ಮಾತನ್ನು ಹೊಳೆಯ ನಡುವೆ ತನಗೂ ತಿಳಿಯದಂತೆ ಮರಾಠಿಗೆ ಹೊರಳಿಸಿ, ಆಚೆಯ ದಡದಲ್ಲಿ ಮುಗಿಸಿದನು.

ಶಿಲಾಹಾರರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಈ ಕೋಪೇಶ್ವರ ದೇವಾಲಯವು ಎದ್ದಿತು. ಗೋಡೆಯ ಬುಡದಲ್ಲಿ ಸಾಲುಗಟ್ಟಿದ ಆನೆಗಳು ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತಂತೆ ನಿಂತಿವೆ, ಹಲವಕ್ಕೆ ಸೊಂಡಿಲಿಲ್ಲ. ಯಾದವ ಸಿಂಘಣನ ದತ್ತಿಯ ಸಂಸ್ಕೃತ ಶಾಸನವೊಂದು ಇಲ್ಲಿದೆ. ಅದರೊಂದಿಗೆ ಕನ್ನಡದ ಶಾಸನಗಳೂ ಇವೆ. ಎಲ್ಲರೂ ನೋಡಬರುವುದು ಮುಂದಿನ ಸ್ವರ್ಗಮಂಟಪವನ್ನು. ನಲವತ್ತೆಂಟು ಕಂಬಗಳು, ಒಂದೊಂದರ ಮೈಯೂ ಚೌಕ, ಎಂಟುಮೂಲೆ, ವೃತ್ತವೆಂದು ಏರುತ್ತ ಏರುತ್ತ ರೂಪವನ್ನು ಬದಲಿಸುವಂಥದು. ನಡುವೆ ದುಂಡಾಗಿ ನಿಂತ ಹನ್ನೆರಡು ಕಂಬಗಳ ಮೇಲೆ ಛಾವಣಿಯಿರಬೇಕಾದಲ್ಲಿ ಛಾವಣಿಯಿಲ್ಲ, ವರ್ತುಲಾಕಾರದ ಬಯಲು ಆಕಾಶ. ಅದರ ನೇರಕ್ಕೆ ಕೆಳಗೆ ದುಂಡನೆಯ ರಂಗಶಿಲೆ. ಕಾರ್ತಿಕ ಹುಣ್ಣಿಮೆಯ ಇರುಳಿನಲ್ಲಿ ಚಂದ್ರನು ಆ ರಂಧ್ರದ ನೇರಕ್ಕೆ ಬಂದು ಬೆಳದಿಂಗಳು ಆ ಶಿಲೆಯ ಮೇಲೆ ಬೀಳುವುದನ್ನು ನೋಡಲು ಜನಸಾಗರವೇ ನೆರೆಯುತ್ತದೆ. ನಾವು ಹುಣ್ಣಿಮೆಗೆ ಮುನ್ನವೇ, ಅದೂ ನಡುಹಗಲಿನಲ್ಲಿ ಹೋದೆವೆಂದು ಹುಡುಗನಿಗೆ ಖೇದವಾಯಿತು. ನನಗಾಗಲಿಲ್ಲ. ಶರತ್ಕಾಲದ ಬಿಸಿಲು ಆ ರಂಧ್ರದೊಳಗಿಂದ ಇಳಿದು, ಶಿಲೆಯ ಅಂಚಿನಿಂದ ಒಂದು ಗೇಣು ಆಚೆಗೆ ಬಿದ್ದಿತ್ತು. ನಾವು ಕಂಬಕ್ಕೆ ಒರಗಿ ಚುರುಮುರಿ ತಿನ್ನುವಷ್ಟರಲ್ಲಿ ಅದು ಸರಿದು ಒಬ್ಬ ಮಲಗಿದ ಕುರಿಗಾಹಿಯ ಪಾದಗಳನ್ನು ಮುಟ್ಟಿತು, ಅವನು ನಿದ್ದೆಯಲ್ಲಿಯೇ ಕಾಲನ್ನು ನೆರಳಿಗೆ ಎಳೆದುಕೊಂಡನು. ಜನಸಾಗರದ ನಡುವೆ ಹೆಗಲುಗಳ ಮೇಲಿಂದ ನೋಡುವ ಚಂದ್ರನಿಗಿಂತ ಆ ಬಿಸಿಲೇ ನನಗೆ ಹೆಚ್ಚಿನದೆನಿಸಿತು.

ಜುಗೂಳಕ್ಕೆ ಮರಳಿ, ಶೇಡಬಾಳವನ್ನು ದಾಟಿ ಉಗಾರದತ್ತ ಹೊರಳಿದ ಮೇಲೆ ರಸ್ತೆಯ ಸ್ವಭಾವವೇ ಬೇರೆಯಾಯಿತು. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯು 1939ರಲ್ಲಿ ಸ್ಥಾಪಿತವಾದುದು. ಈಗ ಸುತ್ತಣ ಐದಾರು ತಾಲೂಕುಗಳಲ್ಲಿ ಇಂಥವು ಹಲವು. ಹಂಗಾಮು ಹತ್ತಿರ ಬಂದಿತೆಂಬುದನ್ನು ಸಾರುವುದು ಕಾರ್ಖಾನೆಯ ಹೊಗೆಯಲ್ಲ, ಕಬ್ಬು ಕಡಿಯುವವರ ಗಾಡಿಗಳು. ಬೀಡ ಮೊದಲಾದ ಬರದ ಜಿಲ್ಲೆಗಳಿಂದ, ಮುಕಾದಮನ ಕೈಯಿಂದ ಮುಂಗಡ ಪಡೆದ ಗಂಡಹೆಂಡಿರು ಜೊತೆಯಾಗಿ ಹೊರಟುಬರುತ್ತಾರೆ. ಇಬ್ಬರೂ ಸೇರಿ ಲೆಕ್ಕಕ್ಕೆ ಒಂದು 'ಕೊಯ್ತಾ', ಕಡಿಯುವ ಕತ್ತಿಯ ಹೆಸರೇ ಅವರ ಹೆಸರು. ಟಾಯರಿನ ಗಾಡಿಯ ಮೇಲೆ ತಾಡಪತ್ರಿ, ಅದರ ಕೆಳಗೆ ಪಾತ್ರೆ, ಹಿಟ್ಟು, ಕೌದಿ, ಕೋಳಿಯ ಬುಟ್ಟಿ, ಅಜ್ಜಿ, ಕೂಸು. ನಾವು ರಾತ್ರಿಗೆ ಆಯ್ದುಕೊಂಡ ಬಯಲಿಗೇ ಅವರದೊಂದು ಟೋಳಿಯೂ ಬಂದಿಳಿಯಿತು. ಎತ್ತುಗಳನ್ನು ಬಿಚ್ಚಿ ಕಟ್ಟುವುದಕ್ಕೂ, ಮೂರು ಕಲ್ಲಿನ ಒಲೆ ಹೊತ್ತುವುದಕ್ಕೂ ಅವರಿಗೆ ಹಿಡಿದ ಹೊತ್ತಿನಲ್ಲಿ, ನಮ್ಮ ಹುಡುಗನು ಮನೆಗಾಡಿಯು ಓರೆಯಾಗದಂತೆ ಗಾಲಿಯ ಕೆಳಗೆ ಯಾವ ಕಲ್ಲನ್ನಿಡಬೇಕೆಂದು ಇನ್ನೂ ನೋಡುತ್ತಲೇ ಇದ್ದನು.

ಒಬ್ಬ ಹೆಣ್ಣುಮಗಳು ಎರಡು ಕೊಡ ಹಿಡಿದು ಬಂದು, ಬಯಲಿನ ಬೋರಿಗೆ ಕರೆಂಟಿಲ್ಲವೆಂದೂ ನಮ್ಮ ಟಾಕಿಯಿಂದ ನೀರು ಹಿಡಿಯಬಹುದೇ ಎಂದೂ ಮರಾಠಿಯಲ್ಲಿ ಕೇಳಿದಳು. ನಳ ತಿರುವಿಕೊಟ್ಟೆನು. ಕೊಡ ತುಂಬುವವರೆಗೆ ಅವಳು ಒಳಗಣ ಮಂಚಗಳನ್ನು ನೋಡಿ, ಎಷ್ಟು ಜನ ಮಲಗುವಿರೆಂದು ಕೇಳಿದಳು. ಇಬ್ಬರೆಂದೆ. ಯಾವ ಕಾರ್ಖಾನೆಗೆ ಬಂದಿರೆಂದು ಕೇಳಿದಳು. ಯಾವ ಕಾರ್ಖಾನೆಗೂ ಅಲ್ಲ, ಸುಮ್ಮನೆ ನೋಡಲು ಬಂದೆವೆಂದಾಗ, ನನಗೆ ಮರಾಠಿ ಸರಿಯಾಗಿ ಬಾರದೆಂದುಕೊಂಡಳೋ ಏನೋ, ಇನ್ನೊಮ್ಮೆ ಕೇಳಿದಳು. ನಾನು ಇನ್ನೊಮ್ಮೆ ಅದನ್ನೇ ಹೇಳಿದೆನು. ಬೆಳಗಾಗುವಾಗ ನಮ್ಮ ಗಾಡಿಯ ಮೆಟ್ಟಿಲ ಮೇಲೆ ಎರಡು ಬಾಜರಿಯ ಭಾಕರಿಗಳು ಅರಿವೆಯಲ್ಲಿ ಸುತ್ತಿ ಇಡಲ್ಪಟ್ಟಿದ್ದವು. ಅವರಾಗಲೇ ಕಬ್ಬಿನ ಫಡಕ್ಕೆ ಹೋಗಿದ್ದರು.

ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳ ಗಚ್ಚಿನ ಮಠಕ್ಕೆ ನಮಸ್ಕರಿಸಿ, ಚಪ್ಪಲಿ ಮಾಡುವವರ ಓಣಿಗೆ ಹೋದೆವು. ಜಗತ್ತೆಲ್ಲ ಕೊಲ್ಹಾಪುರಿಯೆಂದು ಕರೆಯುವ ಪಾದರಕ್ಷೆಗಳಲ್ಲಿ ಎಷ್ಟೋ ಜೊತೆ ಹುಟ್ಟುವುದು ಅಥಣಿ, ನಿಪ್ಪಾಣಿಗಳ ಸುತ್ತಣ ಮನೆಗಳಲ್ಲಿ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯನ್ನೂ ಕೂಡಿಸಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಸೇರಿವೆ. 2025ರಲ್ಲಿ ಇಟಲಿಯ ಹೆಸರಾಂತ ಸಂಸ್ಥೆಯೊಂದು ಇವುಗಳನ್ನೇ ಹೋಲುವ ಚಪ್ಪಲಿಗಳನ್ನು ಮಿಲಾನಿನಲ್ಲಿ ಮೆರೆಸಿದಾಗ ಎದ್ದ ಗದ್ದಲವನ್ನು ಹುಡುಗನು ಉತ್ಸಾಹದಿಂದ ವಿವರಿಸಲು, ಕೈಕೆಲಸದಲ್ಲಿದ್ದ ಹಿರಿಯರು, "ಹೌದ್ರಿ, ಟೀವಿಯವರೂ ಬಂದ ಹೋದರ" ಎಂದಷ್ಟೇ ಹೇಳಿದರು. ಬಾಬಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಳಿಸಿದ ಎಮ್ಮೆಯ ತೊಗಲಿನ ಅಟ್ಟೆಯನ್ನು ಅವರು ಮೊಳೆಯಿಲ್ಲದೆ, ತೊಗಲಿನ ದಾರದಿಂದಲೇ ಹೊಲಿಯುತ್ತಿದ್ದರು. ಪಕ್ಕದಲ್ಲಿ ಮನೆಯಾಕೆಯು ಎಳೆ ಎಳೆಯಾಗಿ ಸೀಳಿದ ತೊಗಲನ್ನು ಹೆಬ್ಬೆರಳಿಗೆ ಸಿಕ್ಕಿಸಿ ಜಡೆ ಹೆಣೆಯುತ್ತಿದ್ದಳು. ನನ್ನ ಪಾದವನ್ನು ಕಾಗದದ ಮೇಲಿರಿಸಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು, "ಹದಿನೈದ ದಿನ ಬಿಟ್ಟ ಬರ್ರಿ" ಎಂದರು.

ಹುಡುಗನ ರಜೆ ಅಷ್ಟು ದಿನ ಉಳಿದಿರಲಿಲ್ಲ. ಅವನು ಮನೆಯನ್ನು ತೆಗೆದುಕೊಂಡು ಮಿರಜಿನ ಮೇಲಿಂದ ಪುಣೆಗೆ ಹೋದನು. ನಾನು ಚಿಕ್ಕೋಡಿಯ ಬಸ್ಸು ಹತ್ತಿದೆನು.