ಆವರಗೆರೆಯ ಬಯಲಿನಲ್ಲಿ ಓಟಗಳ ಲೆಕ್ಕ

ದಾವಣಗೆರೆಯಿಂದ ಹಳೆಯ ಪೂನಾ–ಬೆಂಗಳೂರು ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಸಾಗಿದರೆ, ಪೇಟೆ ಮುಗಿಯಿತೆನ್ನುವಷ್ಟರಲ್ಲಿ ಆವರಗೆರೆ ಸಿಕ್ಕುತ್ತದೆ. ಒಂದು ಕಾಲಕ್ಕೆ ಬೇರೆಯೇ ಹಳ್ಳಿಯಾಗಿದ್ದ ಇದನ್ನು ಬೆಳೆಯುತ್ತಿರುವ ನಗರ ತನ್ನ ತೆಕ್ಕೆಗೆ ತೆಗೆದುಕೊಂಡಿದೆ. ಹತ್ತಿಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಗೆ, ಗಿರಣಿಗಳ ಸದ್ದಡಗಿದ ಮೇಲೆ ಬೆಣ್ಣೆದೋಸೆಯೊಡನೆ ಕ್ರಿಕೆಟ್ಟೂ ಹೆಸರು ತಂದಿದೆ. 2013–14 ಮತ್ತು 2014–15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದ ಕರ್ನಾಟಕ ತಂಡದ ನಾಯಕ ಆರ್. ವಿನಯ್ ಕುಮಾರ್ ಈ ಊರಿನವರೇ. ಅಂದಮೇಲೆ ಇಲ್ಲಿ ಚೆಂಡು ಹಿಡಿದ ಹುಡುಗನೊಬ್ಬ ದೊಡ್ಡ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಚ್ಚರಿಯೇನು?

ಇಂದಿನ ಬಯಲಾಟಗಳಲ್ಲಿ ಕಾಣುವ ಹೊಸ ನೋಟವೆಂದರೆ ಸ್ಕೋರರನ ಕೈಯ ಮೊಬೈಲು. ಕ್ರಿಕ್‌ಹೀರೋಸ್‌ನಂತಹ ಆ್ಯಪ್‌ಗಳಲ್ಲಿ ಆತ ಒಂದೊಂದು ಎಸೆತಕ್ಕೂ ಬೆರಳೊತ್ತಿದರೆ ಸಾಕು; ಬೆಂಗಳೂರಿನಲ್ಲಿ ದುಡಿಯುವ ಅಣ್ಣ ಅಲ್ಲಿಂದಲೇ ತಮ್ಮನ ಆಟವನ್ನು ಹಿಂಬಾಲಿಸಬಹುದು. ಸಂಜೆಗೆ ಮರೆತುಹೋಗುತ್ತಿದ್ದ ಮೂವತ್ತು ಓಟಗಳು ಹುಡುಗನ ಹೆಸರಿನಲ್ಲಿ ಉಳಿಯುತ್ತವೆ. ಇದು ಸಣ್ಣ ಲಾಭವಲ್ಲ.

ಆದರೆ ಇದರಲ್ಲೊಂದು ಸೂಕ್ಷ್ಮವುಂಟು. ಕಾಗದದ ಪುಸ್ತಕದಲ್ಲಿ ಸ್ಕೋರರನು ಒಂದೇ ಓಟವನ್ನು ಮೂರು ಕಡೆ ಬರೆಯುತ್ತಿದ್ದನು: ದಾಂಡಿಗನ ಸಾಲಿನಲ್ಲಿ, ಬೌಲರನ ಸಾಲಿನಲ್ಲಿ, ತಂಡದ ಮೊತ್ತದಲ್ಲಿ. ದಾಂಡಿಗರ ಓಟಗಳಿಗೆ ಇತರೆ ಓಟಗಳನ್ನು ಕೂಡಿಸಿದಾಗ ಮೊತ್ತ ಬರಬೇಕು. ಬೌಲರುಗಳು ಕೊಟ್ಟ ಓಟಗಳಿಗೆ ಬೈ, ಲೆಗ್‌ಬೈಗಳನ್ನು ಸೇರಿಸಿದಾಗಲೂ ಅದೇ ಬರಬೇಕು. ಒಂದು ಕಡೆ ಕೈ ತಪ್ಪಿದರೆ ತಾಳೆ ತಪ್ಪುತ್ತಿತ್ತು. ತಾಳೆ ತಪ್ಪಿದ್ದೇ ದೋಷವನ್ನು ತೋರಿಸುತ್ತಿತ್ತು. ಮೊಬೈಲು ಹಾಗಲ್ಲ. ಒಂದೇ ಒತ್ತಿಗೆ ಮೂರೂ ಕಡೆ ತುಂಬಿಕೊಳ್ಳುತ್ತದೆ. ಲೆಗ್‌ಬೈಯನ್ನು ದಾಂಡಿಗನ ಓಟವೆಂದು ಒತ್ತಿದರೆ ತಪ್ಪೂ ಎಲ್ಲೆಡೆ ಒಂದೇ ಬಗೆಯಾಗಿ ಹರಡುತ್ತದೆ. ಒಬ್ಬನ ಹೆಸರಿಗೆ ಬದಲಾಗಿ ಇನ್ನೊಬ್ಬನದನ್ನು ಆರಿಸಿದರೂ ಅಷ್ಟೆ. ಲೆಕ್ಕ ಮಾತ್ರ ಸದಾ ತಾಳೆಯಾಗಿಯೇ ಇರುತ್ತದೆ! ತಾಳೆಯಾದ ಲೆಕ್ಕವೆಲ್ಲ ನಿಜವಾದ ಲೆಕ್ಕವಲ್ಲ. ಇದರಿಂದ ನಷ್ಟವಾಗುವುದು ಯಾರಿಗೆ? ತೋರಿಸಲು ಆ ಅಂಕಿಗಳ ಹೊರತು ಬೇರೇನೂ ಇಲ್ಲದ ಬಡ ಹುಡುಗನಿಗೆ.

ಕ್ರಿಕೆಟ್ಟಿನ ನಿಯಮಗಳು ಸ್ಕೋರರುಗಳು ಇಬ್ಬರಿರಬೇಕೆಂದೂ, ತಮ್ಮ ಲೆಕ್ಕಗಳನ್ನು ಆಗಾಗ ಹೋಲಿಸಿ ನೋಡಬೇಕೆಂದೂ, ಅಂಪೈರರ ಪ್ರತಿಯೊಂದು ಸನ್ನೆಗೂ ಉತ್ತರ ಕೊಡಬೇಕೆಂದೂ ವಿಧಿಸಿವೆ. ಮೊಬೈಲು ಬಂದಿತೆಂದು ಎರಡನೆಯವನನ್ನು ಕೈಬಿಡುವುದು ಸಲ್ಲದು. ಒಬ್ಬನು ಮೊಬೈಲು ಹಿಡಿಯಲಿ. ಮಗ್ಗುಲಲ್ಲಿ ಇನ್ನೊಬ್ಬನು ಪೆನ್ಸಿಲು ಹಿಡಿದು ಕೂರಲಿ. ಓವರು ಮುಗಿದಾಗಲೆಲ್ಲ ಇಬ್ಬರೂ ಮೊತ್ತದೊಡನೆ ಹೆಸರುಗಳನ್ನೂ ಓದಿಕೊಳ್ಳಲಿ. ಅದಕ್ಕೆ ಬೇಕಾದುದು ಅರ್ಧ ನಿಮಿಷ, ಒಂದು ನೋಟ್‌ಪುಸ್ತಕ.

ಆವರಗೆರೆಗೆ ದೂರವಲ್ಲದ ಹರಿಹರದಲ್ಲಿ, 1224ರಲ್ಲಿ ಪೋಲಾಳ್ವ ದಂಡನಾಯಕನು ಕಟ್ಟಿಸಿದ ಹರಿಹರೇಶ್ವರ ದೇಗುಲದ ಆವರಣದಲ್ಲಿ ಶಾಸನಗಳು ನಿಂತಿವೆ. ನಮ್ಮ ನಾಡಿನ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ, ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಇರುವುದನ್ನು ವಾಚಕರು ಬಲ್ಲರು. ಬರಹಕ್ಕೆ ಹೊಣೆಗಾರರು ಇದ್ದರೆಂಬುದಕ್ಕೆ ಅದು ಸಾಕ್ಷಿ. ಭಾನುವಾರದ ಪಂದ್ಯದ ಲೆಕ್ಕದ ಕೆಳಗೂ ಎರಡು ರುಜುಗಳು ಬೀಳಲಿ.