ಶುಲ್ಕ ತೆತ್ತು ಕಲಿತ ಪಾಠ

ಅಮೆರಿಕದಲ್ಲಿ ನೆಲೆಸಿರುವ ನಾನು, ಬಂಧುಗಳೊಬ್ಬರ ಚುನಾವಣಾ ಸಮಿತಿಯ ಲೆಕ್ಕಪತ್ರ ನೋಡಿಕೊಳ್ಳಲು ಒಪ್ಪಿ, 1975ರಿಂದ ಕಾರ್ಯನಿರತವಾದ ಇಲ್ಲಿನ ಫೆಡರಲ್ ಚುನಾವಣಾ ಆಯೋಗದ ತರಬೇತಿಗೆ ಸೇರಿದೆನು. ನಿಯಮ ತಿಳಿಸಲೂ ಸರ್ಕಾರಕ್ಕೆ ಶುಲ್ಕವೇ ಎಂದು ಮೊದಲು ಮನಸ್ಸು ಮುನಿಯಿತು.

ಒಬ್ಬರ ಹಣವನ್ನು ಮತ್ತೊಬ್ಬರ ಹೆಸರಿನಲ್ಲಿ ಅಭ್ಯರ್ಥಿಗೆ ಕೊಡುವುದು, ಅದಕ್ಕೆ ತಿಳಿದೂ ಹೆಸರನ್ನು ಎರವಲು ನೀಡುವುದು, ತಿಳಿದೂ ಅದನ್ನು ಸ್ವೀಕರಿಸುವುದು, ಈ ಮೂರೂ ನಿಷಿದ್ಧವೆಂದು ಅಲ್ಲಿ ಕೇಳಿದಾಗ ನನ್ನೆದೆ ನಡುಗಿತು. ಹಿಂದಿನ ಚುನಾವಣೆಯಲ್ಲಿ, ದೇಣಿಗೆಯ ಮಿತಿ ಮುಟ್ಟಿದ್ದ ಗೆಳೆಯರೊಬ್ಬರ ಹಣಕ್ಕೆ ನಾನೇ ಹೆಸರು ಕೊಟ್ಟಿದ್ದೆ. ಅದನ್ನು ಸ್ನೇಹವೆಂದು ಬಗೆದಿದ್ದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ವನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದವನು ನಾನು!

ವಕೀಲರನ್ನು ಕಂಡು, ನಡೆದುದನ್ನು ನಾನಾಗಿಯೇ ಆಯೋಗಕ್ಕೆ ಬರೆದು ತಿಳಿಸಿದೆನು. ಗೆಳೆಯರು ಇಂದಿಗೂ ಮಾತನಾಡುವುದಿಲ್ಲ. ಬಸದಿಯ ದೇಣಿಗೆ ಪುಸ್ತಕ ಬರೆಯುವ ಧರ್ಮಬಂಧುಗಳೇ, ಹಣ ಯಾರದೋ ರಸೀದಿಯಲ್ಲಿ ಅವರ ಹೆಸರೇ ಇರಲಿ.